ನಾಯಿ-ಬೆಕ್ಕು ಬಸವನಹುಳುವಿನ ವಿಷ ತಿಂದರೆ: ಯಾವುದು ಮೊದಲು, ಯಾವುದು ಆಮೇಲೆ

ಬಸವನಹುಳು ಕೊಲ್ಲಲೆಂದು ತೋಟದಲ್ಲಿ ಚೆಲ್ಲಿದ್ದ ನೀಲಿ ಗುಳಿಗೆಗಳನ್ನು ನಾಯಿ ನೆಕ್ಕಿಬಿಟ್ಟಿದೆ. ಮನೆಯವರು ಮೊದಲು ಹಾಲು ಕುಡಿಸುತ್ತಾರೆ. ಆಮೇಲೆ ಉಪ್ಪುನೀರು. ಆಮೇಲೆ ಮೊಬೈಲ್‌ನಲ್ಲಿ ಹುಡುಕಾಟ. ನಡುಕ ಶುರುವಾದ ಮೇಲೆ ಡಾಕ್ಟರ್‌ಗೆ ಫೋನ್. ಅಷ್ಟರಲ್ಲಿ ಒಂದು ಗಂಟೆ ಕಳೆದಿರುತ್ತದೆ. ಪ್ರತಿ ಸಲ ಎಡವುವುದು ಇಲ್ಲೇ. ಕೊನೆಗೆ ಮಾಡಿದ ಕೆಲಸವನ್ನು ಮೊದಲು ಮಾಡಿದ್ದರೆ ಎಷ್ಟೋ ನಾಯಿಗಳು ಸಂಜೆಯೊಳಗೆ ಮನೆಗೆ ಮರಳುತ್ತಿದ್ದವು.

ಅದಕ್ಕೇ ಈ ಬರಹದಲ್ಲಿ ತುರ್ತಿನ ಹಂತಗಳು ಮೊದಲು ಬರುತ್ತವೆ. ತೋಟ, ಹುಳು, ಬದಲಿ ಉಪಾಯಗಳೆಲ್ಲ ಆಮೇಲೆ. ನಿಮ್ಮ ನಾಯಿ ಈಗಷ್ಟೇ ತಿಂದಿದ್ದರೆ ಸೀದಾ ಹಂತ 1ಕ್ಕೆ ಹೋಗಿ. ಏನೂ ಆಗಿಲ್ಲದಿದ್ದರೆ ಕೆಳಗಿನ ಸಾಮಾನುಗಳಿಂದ ಶುರು ಮಾಡಿ.

## ಮೊದಲೇ ಕೈಗೆ ಸಿಗುವಂತೆ ಇಡಬೇಕಾದವು

ಒಂದು ಡಬ್ಬಿಯಲ್ಲಿ ಇವಿಷ್ಟು ಇರಲಿ: ರಬ್ಬರ್ ಗ್ಲೌಸ್, ಎರಡು ಹಳೆಯ ಟವೆಲ್, ಗಟ್ಟಿ ಪ್ಲಾಸ್ಟಿಕ್ ಚೀಲಗಳು, ಟಾರ್ಚ್, ಡಿಜಿಟಲ್ ಥರ್ಮಾಮೀಟರ್. ನಾಯಿಯ ಈಗಿನ ತೂಕವನ್ನು ಡಬ್ಬಿಯ ಮುಚ್ಚಳದ ಮೇಲೆ ಬರೆದು ಅಂಟಿಸಿ. ಗಾಬರಿಯಲ್ಲಿ ಯಾರಿಗೂ ಅದು ನೆನಪಾಗುವುದಿಲ್ಲ.

ಫೋನ್‌ನಲ್ಲಿ ಎರಡು ನಂಬರ್ ಬೇಕು. ಒಂದು ನಿಮ್ಮ ಪಶುವೈದ್ಯರದು, ಇನ್ನೊಂದು ರಾತ್ರಿ ತೆರೆದಿರುವ ಪ್ರಾಣಿ ಆಸ್ಪತ್ರೆಯದು. ಹುಳುಗಳು ಓಡಾಡುವುದು ಕತ್ತಲಲ್ಲಿ, ಜನ ಮದ್ದು ಚೆಲ್ಲುವುದು ಸಂಜೆ. ಹಾಗಾಗಿ ಈ ಅನಾಹುತವೂ ಹೆಚ್ಚಾಗಿ ಹೊತ್ತಲ್ಲದ ಹೊತ್ತಿನಲ್ಲೇ ಆಗುತ್ತದೆ.

## ಹಂತ 1: ವಿಷದಿಂದ ದೂರ ಸರಿಸಿ

ನಾಯಿಯನ್ನು ಮನೆಯೊಳಗೆ ತಂದು ಬಾಗಿಲು ಹಾಕಿ. ಮನೆಯಲ್ಲಿ ಬೇರೆ ಪ್ರಾಣಿಗಳಿದ್ದರೆ ಅವನ್ನೂ ಒಳಗೆ ತನ್ನಿ. ಒಂದು ತಿಂದಿದ್ದು ಕಣ್ಣಿಗೆ ಬಿದ್ದರೆ ಇನ್ನೊಂದು ತಿಂದಿಲ್ಲ ಎಂದೇನೂ ಇಲ್ಲ.

ಗ್ಲೌಸ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಬಾಯಿಯ ಸುತ್ತ, ತುಟಿಯ ಒಳಭಾಗ, ಪಾದ ಒರೆಸಿ. ಬೆಕ್ಕಿನಲ್ಲಿ ಪಾದ ಒರೆಸುವುದು ಇನ್ನೂ ಮುಖ್ಯ. ಬೆಕ್ಕು ಗುಳಿಗೆಗೆ ಬಾಯಿ ಹಾಕದೇ ಇರಬಹುದು. ಆದರೆ ಮಳೆಗೆ ಕರಗಿದ ಗುಳಿಗೆಯ ಮೇಲೆ ನಡೆದು, ಒಳಗೆ ಬಂದು, ಪಾದ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ. ವಿಷ ಹೊಟ್ಟೆ ಸೇರುವುದು ಹಾಗೆ.

ಈ ಹಂತಕ್ಕೆ ಎರಡು ನಿಮಿಷ ಸಾಕು. ಸ್ನಾನ ಮಾಡಿಸುತ್ತಾ ಕೂರಬೇಡಿ.

## ಹಂತ 2: ಪ್ಯಾಕೆಟ್ ಹುಡುಕಿ, ಫೋಟೋ ತೆಗೆಯಿರಿ

ಬಣ್ಣ ನೋಡಿ ವಿಷ ಯಾವುದೆಂದು ಹೇಳಲು ಬರುವುದಿಲ್ಲ. ನೀಲಿ, ಹಸಿರು ಬಣ್ಣ ಎಲ್ಲ ಬಗೆಯ ಗುಳಿಗೆಗಳಲ್ಲೂ ಇರುತ್ತದೆ. ಪ್ಯಾಕೆಟ್ ಹಿಂದಿನ ಸಣ್ಣ ಅಕ್ಷರಗಳಲ್ಲಿ ಮೂರು ವಿಷಯ ನೋಡಿ: ಮದ್ದಿನ ಹೆಸರು, ಅದು ಶೇಕಡಾ ಎಷ್ಟಿದೆ, ಪ್ಯಾಕೆಟ್‌ನ ಒಟ್ಟು ತೂಕ. ಬಸವನಹುಳುವಿಗೂ, ಚಿಪ್ಪಿಲ್ಲದ ಸಿಂಬಳದ ಹುಳು ಅಂದರೆ ಸ್ಲಗ್‌ಗೂ ಹಾಕುವ ಮದ್ದಿನಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು ಇವು: ಮೆಟಾಲ್ಡಿಹೈಡ್, ಮೆಥಿಯೋಕಾರ್ಬ್, ಫೆರಿಕ್ ಫಾಸ್ಫೇಟ್. ಮೊದಲನೆಯದು ಕಂಡರೆ ಮುಂದಿನದನ್ನು ಓದುತ್ತಾ ನಿಲ್ಲಬೇಡಿ, ಫೋನ್ ಮಾಡಿ.

ಪ್ಯಾಕೆಟ್ ಸಿಗದಿದ್ದರೆ ಉಳಿದ ಗುಳಿಗೆಗಳನ್ನೇ ಚೀಲಕ್ಕೆ ಹಾಕಿಕೊಳ್ಳಿ. ಪಕ್ಕದ ಮನೆಯವರ ತೋಟದಲ್ಲಿ ತಿಂದಿದ್ದರೆ ಅವರನ್ನು ಕೇಳಿ. ಜಗಳಕ್ಕೆ ಇದು ಹೊತ್ತಲ್ಲ, ಹೆಸರಷ್ಟೇ ಬೇಕು.

## ಹಂತ 3: ಲಕ್ಷಣಕ್ಕೆ ಕಾಯದೆ ಫೋನ್ ಮಾಡಿ

"ಈಗ ಚೆನ್ನಾಗೇ ಆಡ್ತಿದೆ, ನೋಡೋಣ" ಎಂಬ ಮಾತೇ ಅತಿ ದೊಡ್ಡ ತಪ್ಪು. ಮೆಟಾಲ್ಡಿಹೈಡ್‌ನ ಲಕ್ಷಣಗಳು ಹೆಚ್ಚಾಗಿ ಅರ್ಧ ಗಂಟೆಯಿಂದ 3 ಗಂಟೆಯೊಳಗೆ ಕಾಣಿಸುತ್ತವೆ. ಕೆಲವೊಮ್ಮೆ ಇನ್ನೂ ಬೇಗ, ಕೆಲವೊಮ್ಮೆ 5 ಗಂಟೆಯ ಹೊತ್ತಿಗೆ. ನಾಯಿ ಚೆನ್ನಾಗಿರುವ ಆ ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆಯಲ್ಲಿರುವ ವಿಷವನ್ನು ಹೊರಗೆ ತೆಗೆಯಲು ಡಾಕ್ಟರ್‌ಗೆ ಅವಕಾಶ. ನಡುಕ ಶುರುವಾದ ಮೇಲೆ ವಾಂತಿ ಮಾಡಿಸುವ ದಾರಿ ಮುಚ್ಚಿಹೋಗುತ್ತದೆ.

ಫೋನ್‌ನಲ್ಲಿ ಈ ಕ್ರಮದಲ್ಲಿ ಹೇಳಿ: ಪ್ರಾಣಿ ಯಾವುದು, ತೂಕ ಎಷ್ಟು, ಮದ್ದಿನ ಹೆಸರು ಮತ್ತು ಶೇಕಡಾವಾರು, ಅಂದಾಜು ಎಷ್ಟು ತಿಂದಿದೆ, ಎಷ್ಟು ಹೊತ್ತಾಯಿತು, ಈಗ ಹೇಗಿದೆ. ಒಂದೇ ಉಸಿರಿನಲ್ಲಿ ಹೇಳಿಬಿಡಬಹುದು. ಕತೆ ಬೇಡ.

ಎಷ್ಟು ತಿಂದಿದೆ ಎಂದು ಅಂದಾಜು ಮಾಡಲು, ಪ್ಯಾಕೆಟ್‌ನಲ್ಲಿ ಉಳಿದಿರುವುದನ್ನು ತೂಗಿ ಒಟ್ಟು ತೂಕದಿಂದ ಕಳೆಯಿರಿ. ಈ ಕೆಲಸ ಇನ್ನೊಬ್ಬರು ಮಾಡಲಿ, ನೀವು ಫೋನ್ ಹಿಡಿಯಿರಿ.

ಅಂಕಿಗಳ ಅಳತೆ ತಿಳಿದಿರಲಿ ಎಂದು ಒಂದು ಲೆಕ್ಕ. ಶೇಕಡಾ 5ರ ಮೆಟಾಲ್ಡಿಹೈಡ್ ಗುಳಿಗೆಯಲ್ಲಿ ಪ್ರತಿ ಗ್ರಾಂಗೆ 50 ಮಿಲಿಗ್ರಾಂ ವಿಷ ಇರುತ್ತದೆ. ನಾಯಿಗೆ ಪ್ರಾಣಾಪಾಯ ಎಂದು ದಾಖಲಾಗಿರುವ ಪ್ರಮಾಣ, ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 100 ಮಿಲಿಗ್ರಾಂನಿಂದಲೇ ಶುರು. 10 ಕಿಲೋ ನಾಯಿಗೆ ಅದು 20 ಗ್ರಾಂ ಗುಳಿಗೆ. 4 ಕಿಲೋದ ಪುಟ್ಟ ನಾಯಿಗೆ 8 ಗ್ರಾಂ, ಅಂದರೆ ಎರಡು ಮೂರು ಟೀ ಚಮಚ. ಇದಕ್ಕಿಂತ ತುಂಬಾ ಕಡಿಮೆ ತಿಂದರೂ ನಡುಕ ಬರಬಹುದು. ಆದ್ದರಿಂದ "ನಮ್ಮದು ಅಷ್ಟು ತಿಂದಿಲ್ಲ ಬಿಡು" ಎಂದು ಸುಮ್ನೆ ಕೂರಲು ಈ ಲೆಕ್ಕ ಬಳಸಬೇಡಿ. ಎಷ್ಟು ಚಿಕ್ಕ ಪ್ರಮಾಣ ಸಾಕು ಎಂದು ತೋರಿಸಲಷ್ಟೇ ಇದು.

## ಹಂತ 4: ಮನೆಮದ್ದಿನಿಂದ ಕೈ ಹಿಂದೆ ತೆಗೆಯಿರಿ

ಈ ಹಂತದಲ್ಲಿ ಮಾಡಬೇಕಾದ್ದಕ್ಕಿಂತ ಮಾಡಬಾರದ್ದೇ ಜಾಸ್ತಿ.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಉಪ್ಪೇ ನಾಯಿಗೆ ವಿಷವಾಗುತ್ತದೆ. ರಕ್ತದಲ್ಲಿ ಸೋಡಿಯಂ ಏರಿದರೆ ಅದರಿಂದಲೂ ನಡುಕ, ಫಿಟ್ಸ್ ಬರುತ್ತವೆ. ಆಮೇಲೆ ಯಾವುದು ಗುಳಿಗೆಯಿಂದ ಬಂದದ್ದು, ಯಾವುದು ಉಪ್ಪಿನಿಂದ ಬಂದದ್ದು ಎಂದು ಡಾಕ್ಟರ್ ತಲೆ ಕೆಡಿಸಿಕೊಳ್ಳಬೇಕು.

ಹಾಲು, ಎಣ್ಣೆ ಕುಡಿಸಬೇಡಿ. ಹಾಲು ವಿಷವನ್ನು "ಕಟ್ಟುತ್ತದೆ" ಎಂಬ ನಂಬಿಕೆ ತುಂಬಾ ಹಳೆಯದು, ಆದರೆ ಈ ವಿಷಕ್ಕೆ ಅದು ಏನೂ ಮಾಡುವುದಿಲ್ಲ. ತೂರಾಡುವ ನಾಯಿಯ ಬಾಯಿಗೆ ಏನನ್ನೇ ಸುರಿದರೂ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಅದು ಇನ್ನೊಂದು ಪ್ರಾಣಾಪಾಯ.

ಗಂಟಲಿಗೆ ಬೆರಳು ಹಾಕಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಬಗ್ಗೆ ಎಲ್ಲೋ ಓದಿರುತ್ತೀರಿ. ಶೇಕಡಾ 3ರದ್ದನ್ನು ನಾಯಿಗಳಲ್ಲಿ ಬಳಸುವುದುಂಟು. ಆದರೆ ಡಾಕ್ಟರ್ ಫೋನ್‌ನಲ್ಲಿ ಪ್ರಮಾಣ ಹೇಳಿದರೆ ಮಾತ್ರ, ನಾಯಿ ಪೂರ್ತಿ ಎಚ್ಚರವಾಗಿದ್ದರೆ ಮಾತ್ರ. ಬೆಕ್ಕಿಗೆ ಅದು ಬೇಡವೇ ಬೇಡ. ಬೆಕ್ಕಿನ ಹೊಟ್ಟೆಯ ಒಳಪದರ ಕೆಟ್ಟು ರಕ್ತ ಸೋರುವ ಅಪಾಯವಿದೆ.

ಆಸ್ಪತ್ರೆ ಹತ್ತಿರವಿದ್ದರೆ ಇದ್ಯಾವುದೂ ಬೇಕಿಲ್ಲ. ಹೊರಡಿ ಅಷ್ಟೇ. ಅಲ್ಲಿ ಒಂದು ಇಂಜೆಕ್ಷನ್‌ನಿಂದ ನಾಯಿಗೆ ಬೇಗ ವಾಂತಿ ಮಾಡಿಸುತ್ತಾರೆ.

ತಾನಾಗಿಯೇ ವಾಂತಿ ಮಾಡಿಕೊಂಡರೆ ಅದನ್ನು ಗ್ಲೌಸ್ ಹಾಕಿ ಚೀಲದಲ್ಲಿ ತುಂಬಿ ಜೊತೆಗೆ ಒಯ್ಯಿರಿ. ಅದರಲ್ಲಿ ನೀಲಿ ಅಥವಾ ಹಸಿರು ಬಣ್ಣ, ಮೂಗಿಗೆ ಹೊಡೆಯುವ ವಾಸನೆ ಇದ್ದರೆ ಡಾಕ್ಟರ್‌ಗೆ ಅದೇ ದೊಡ್ಡ ಸುಳಿವು. ನೆಲದ ಮೇಲೆ ಬಿಟ್ಟರೆ ಇನ್ನೊಂದು ನಾಯಿ ನೆಕ್ಕುತ್ತದೆ.

## ಹಂತ 5: ಎಚ್ಚರಿಕೆಯ ಗುರುತುಗಳನ್ನು ನೋಡುತ್ತಾ ಸಾಗಿಸಿ

ಮೆಟಾಲ್ಡಿಹೈಡ್ ಏರುವ ರೀತಿ ಹೀಗೆ. ಮೊದಲು ಚಡಪಡಿಕೆ. ನಾಯಿ ಒಂದೆಡೆ ನಿಲ್ಲುವುದಿಲ್ಲ, ಏದುಸಿರು ಬಿಡುತ್ತದೆ, ಜೊಲ್ಲು ಸುರಿಸುತ್ತದೆ. ಆಮೇಲೆ ಹಿಂಗಾಲು ತೂರಾಡುತ್ತವೆ. ಮುಖದಲ್ಲಿ, ತೊಡೆಯಲ್ಲಿ ಚರ್ಮದ ಕೆಳಗೆ ಸ್ನಾಯು ಪಟಪಟ ಅದುರುವುದು ಕಾಣುತ್ತದೆ. ಬೆಳಕು, ಸದ್ದು, ಮುಟ್ಟುವಿಕೆ ಎಲ್ಲಕ್ಕೂ ಬೆಚ್ಚುತ್ತದೆ. ಬೆಕ್ಕಿನಲ್ಲಿ ಕಣ್ಣುಗುಡ್ಡೆ ಅತ್ತಿಂದಿತ್ತ ಓಡುವುದು ಕಾಣಬಹುದು. ಕೊನೆಗೆ ಇಡೀ ಮೈ ನಡುಕ, ಫಿಟ್ಸ್.

ಬಿಡದ ನಡುಕದಿಂದ ಮೈ ಬಿಸಿ ಏರುತ್ತದೆ. ನಾಯಿಯ ಸಹಜ ತಾಪ ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್. ಈ ವಿಷದಲ್ಲಿ ಅದು 42 ದಾಟಬಹುದು. ಆ ಬಿಸಿಯೇ ಮಿದುಳು, ಮೂತ್ರಪಿಂಡ ಮುಂತಾದವನ್ನು ಕೆಡಿಸುತ್ತದೆ. ಹಾಗಾಗಿ ದಾರಿಯಲ್ಲಿ ನಿಮ್ಮ ಕೆಲಸ ಎರಡೇ: ಸದ್ದು-ಬೆಳಕು ಕಡಿಮೆ ಮಾಡುವುದು, ಮೈ ತಂಪಾಗಿಡುವುದು.

ಗಾಡಿಯಲ್ಲಿ ಹಾಡು ಬೇಡ, ಮಾತೂ ಕಡಿಮೆ ಇರಲಿ. ತೆಳುವಾದ ಬಟ್ಟೆಯಿಂದ ಕಣ್ಣಿಗೆ ನೆರಳು ಮಾಡಿ, ಮೂಗು ಮುಚ್ಚಬೇಡಿ. ಎಸಿ ಅಥವಾ ಕಿಟಕಿ ಗಾಳಿ ಬರಲಿ. ಮೈ ಬಿಸಿಯಾಗಿದ್ದರೆ ಹೊಟ್ಟೆ, ತೊಡೆಸಂದು, ಪಾದಗಳಿಗೆ ತಣ್ಣೀರಿನ ಬಟ್ಟೆ ಒತ್ತಿ. ಐಸ್ ಬೇಡ. ತಾಪ ಅಳೆಯಲು ಆದರೆ 39.5ಕ್ಕೆ ಇಳಿದ ಕೂಡಲೇ ಒದ್ದೆ ಬಟ್ಟೆ ತೆಗೆಯಿರಿ. ಇಲ್ಲದಿದ್ದರೆ ಸಹಜಕ್ಕಿಂತ ಕೆಳಗೆ ಜಾರುತ್ತದೆ. ನಡುಗುವ ನಾಯಿಗೆ ಚಳಿ ಎಂದು ಕಂಬಳಿ ಹೊದಿಸುವವರೇ ಹೆಚ್ಚು. ಇದು ಚಳಿಯ ನಡುಕ ಅಲ್ಲ, ಕಂಬಳಿ ಹೊದಿಸಿದರೆ ಬಿಸಿ ಇನ್ನೂ ಏರುತ್ತದೆ.

ಫಿಟ್ಸ್ ಬಂದರೆ ಬಾಯಿಗೆ ಕೈ ಹಾಕಬೇಡಿ, ಚಮಚ ತುರುಕಬೇಡಿ. ಕೈಕಾಲು ಒತ್ತಿ ಹಿಡಿಯಬೇಡಿ. ತಲೆ ಎಲ್ಲಿಗೂ ಬಡಿಯದಂತೆ ಟವೆಲ್ ಒತ್ತಾಗಿಡಿ. ಎಷ್ಟು ನಿಮಿಷ ಇತ್ತು ಎಂದು ಗಡಿಯಾರ ನೋಡಿ.

ಇನ್ನೊಂದು ಗೊಂದಲ. ಜೊಲ್ಲು ಸುರಿಸುತ್ತಾ ತೂರಾಡುವ ನಾಯಿ ಕಂಡರೆ ಹುಚ್ಚು ಹಿಡಿದಿದೆ ಎಂದು ಹೊರಗೆ ಕಟ್ಟಿಹಾಕಿ ಜನ ದೂರ ನಿಲ್ಲುತ್ತಾರೆ. ಬಿಸಿಲಿನ ಹೊಡೆತ ಎಂದುಕೊಳ್ಳುವವರೂ ಇದ್ದಾರೆ. ಗ್ಲೌಸ್ ಹಾಕಿಕೊಳ್ಳಿ, ಕಚ್ಚಿಸಿಕೊಳ್ಳದಂತೆ ನೋಡಿಕೊಳ್ಳಿ, ಲಸಿಕೆ ಹಾಕಿಸಿದ್ದು ಯಾವಾಗ ಎಂದು ಡಾಕ್ಟರ್‌ಗೆ ಹೇಳಿ. ಜೊತೆಗೆ ತೋಟದಲ್ಲಿ ಗುಳಿಗೆ ಇತ್ತು ಎಂಬುದನ್ನೂ ಹೇಳಿ. ತಿಂದದ್ದನ್ನು ನೀವು ಕಣ್ಣಾರೆ ನೋಡಿರದಿದ್ದರೂ ಹೇಳಿ.

## ಹಂತ 6: ಆಸ್ಪತ್ರೆಯಲ್ಲಿ, ಮತ್ತು ಆಮೇಲಿನ 3 ದಿನ

ಮೆಟಾಲ್ಡಿಹೈಡ್‌ಗೆ ಪ್ರತಿವಿಷ ಇಲ್ಲ. ಹೊಟ್ಟೆ ಖಾಲಿ ಮಾಡಿಸುವುದು, ಆಕ್ಟಿವೇಟೆಡ್ ಚಾರ್ಕೋಲ್ ಅಂದರೆ ಹೊಟ್ಟೆಯಲ್ಲಿ ವಿಷವನ್ನು ಹಿಡಿದಿಡುವ ಇದ್ದಿಲಪುಡಿ ಕೊಡುವುದು, ಸ್ನಾಯು ಸಡಿಲಿಸುವ ಮತ್ತು ಫಿಟ್ಸ್ ತಡೆಯುವ ಔಷಧಿ, ಡ್ರಿಪ್, ಮೈ ತಂಪು ಮಾಡುವುದು. ಚಿಕಿತ್ಸೆ ಇಷ್ಟು. ಕೆಲವು ನಾಯಿಗಳಿಗೆ ಗಂಟೆಗಟ್ಟಲೆ ಮಂಪರು ಕೊಟ್ಟು ಮಲಗಿಸಬೇಕಾಗುತ್ತದೆ. ಮೊದಲ 24 ಗಂಟೆ ದಾಟಿದರೆ ಉಳಿಯುವ ಆಸೆ ಚೆನ್ನಾಗಿದೆ.

ಮನೆಗೆ ಬಂದ ಮೇಲೆ ಮುಗಿಯಿತು ಅಂದುಕೊಳ್ಳಬೇಡಿ. 2-3 ದಿನಗಳ ನಂತರ ಯಕೃತ್ತಿಗೆ ಪೆಟ್ಟಾದದ್ದು ತಲೆ ಎತ್ತಬಹುದು. ಊಟ ಬಿಡುವುದು, ಮತ್ತೆ ವಾಂತಿ, ಕಣ್ಣಿನ ಬಿಳಿಭಾಗ ಅಥವಾ ವಸಡು ಹಳದಿಯಾಗುವುದು ಕಂಡರೆ ವಾಪಸ್ ಹೋಗಿ. ರಕ್ತಪರೀಕ್ಷೆಗೆ ಬರಹೇಳಿದ್ದರೆ ನಾಯಿ ಚುರುಕಾಗಿದೆ ಎಂದು ತಪ್ಪಿಸಬೇಡಿ.

## ಉಳಿದ ಎರಡು ಮದ್ದುಗಳು ಬೇರೆ ರೀತಿ ಕಾಡುತ್ತವೆ

ಮೆಥಿಯೋಕಾರ್ಬ್ ಕಾರ್ಬಮೇಟ್ ಜಾತಿಯ ಕೀಟನಾಶಕ. ಇದು ನರಗಳ ಸಂದೇಶವನ್ನು ನಿಲ್ಲಿಸುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಮೈಯೆಲ್ಲ ಸೋರುವುದು ಇದರ ಗುರುತು: ಜೊಲ್ಲು, ಕಣ್ಣೀರು, ಮೂತ್ರ, ಭೇದಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಬಹುದು, ಉಸಿರಾಟ ಕಷ್ಟವಾಗುತ್ತದೆ. ಇದಕ್ಕೆ ಅಟ್ರೋಪಿನ್ ಎಂಬ ಔಷಧಿ ಕೆಲಸ ಮಾಡುತ್ತದೆ. ಹೆಸರು ಸರಿಯಾಗಿ ಹೇಳಬೇಕು ಎಂದು ಹಂತ 2ರಲ್ಲಿ ಒತ್ತಿ ಹೇಳಿದ್ದು ಇದಕ್ಕೇ. ಯುರೋಪ್ ಸೇರಿ ಹಲವು ಕಡೆ ಇದನ್ನು ಹಿಂತೆಗೆದಿದ್ದಾರೆ, ಆದರೆ ಹಳೆಯ ಡಬ್ಬಿಗಳು ಶೆಡ್‌ಗಳಲ್ಲಿ ಉಳಿದಿರುತ್ತವೆ.

ಫೆರಿಕ್ ಫಾಸ್ಫೇಟ್ ಪ್ಯಾಕೆಟ್ ಮೇಲೆ "ಸಾಕುಪ್ರಾಣಿಗಳಿಗೆ ಸುರಕ್ಷಿತ" ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಪೂರ್ತಿ ಸುಳ್ಳಲ್ಲ. ಚೆಲ್ಲಿದ ನಾಲ್ಕಾರು ಗುಳಿಗೆ ನೆಕ್ಕಿದರೆ ಸಾಮಾನ್ಯವಾಗಿ ದೊಡ್ಡ ತೊಂದರೆ ಇಲ್ಲ. ಡಬ್ಬಿಯನ್ನೇ ಹರಿದು ತಿಂದರೆ ಕತೆ ಬೇರೆ. ಅದರಲ್ಲಿರುವುದು ಕಬ್ಬಿಣ. ದೇಹದ ಪ್ರತಿ ಕಿಲೋಗೆ 20 ಮಿಲಿಗ್ರಾಂ ದಾಟಿದರೆ ಹೊಟ್ಟೆ ಕೆಡುತ್ತದೆ, 60 ದಾಟಿದರೆ ಗಂಭೀರ. ಕೆಲವು ಗುಳಿಗೆಗಳಲ್ಲಿ ಇಡಿಟಿಎ ಎಂಬ ಪದಾರ್ಥವೂ ಸೇರಿರುತ್ತದೆ. ಅದರಿಂದ ಕಬ್ಬಿಣ ಹೆಚ್ಚು ಸುಲಭವಾಗಿ ಮೈಗೆ ಹತ್ತುತ್ತದೆ.

ಕಬ್ಬಿಣದ ವಿಷದಲ್ಲಿ ಒಂದು ಮೋಸವಿದೆ. ಮೊದಲ 6 ಗಂಟೆ ವಾಂತಿ, ಭೇದಿ. ಆಮೇಲೆ ನಾಯಿ ಚೇತರಿಸಿಕೊಂಡಂತೆ ಕಾಣುತ್ತದೆ. ಮನೆಯವರು ನಿರಾಳವಾಗುತ್ತಾರೆ. ಅರ್ಧ ದಿನವೋ ಒಂದು ದಿನವೋ ಕಳೆದು ಮತ್ತೆ ಕುಸಿಯುತ್ತದೆ, ಈ ಸಲ ಯಕೃತ್ತು ಕೆಟ್ಟಿರುತ್ತದೆ. ಚಾರ್ಕೋಲ್ ಕಬ್ಬಿಣವನ್ನು ಹಿಡಿಯುವುದಿಲ್ಲ. ಇದಕ್ಕೆ ಬೇರೆಯೇ ಔಷಧಿ ಇದೆ. ನಡುವಿನ ಆ ಚೇತರಿಕೆಯನ್ನು ನಂಬಬೇಡಿ.

## ಹಂತ 7: ತೋಟದಿಂದ ಗುಳಿಗೆ ತೆಗೆಯಿರಿ

ನಾಯಿ ಆಸ್ಪತ್ರೆಯಲ್ಲಿರುವಾಗಲೇ ಮನೆಯಲ್ಲಿ ಉಳಿದವರು ಈ ಕೆಲಸ ಮಾಡಬಹುದು. ಗ್ಲೌಸ್ ಹಾಕಿ ಕಾಣುವ ಗುಳಿಗೆಗಳನ್ನೆಲ್ಲ ಆರಿಸಿ. ಮಳೆಗೋ ನೀರಿಗೋ ಕರಗಿ ಮುದ್ದೆಯಾಗಿದ್ದರೆ ಆ ಜಾಗದ ಮೇಲ್ಮಣ್ಣನ್ನು ಒಂದೆರಡು ಇಂಚು ಕೆರೆದು ಚೀಲಕ್ಕೆ ತುಂಬಿ. ಕರಗಿದ್ದು ವಿಷ ಕಳೆದುಕೊಂಡಿದೆ ಎಂದಲ್ಲ.

ಪೈಪ್ ಹಿಡಿದು ನೀರು ಹೊಡೆಯಬೇಡಿ. ಮೆಟಾಲ್ಡಿಹೈಡ್ ನೀರಿನೊಂದಿಗೆ ಚರಂಡಿಗೆ, ಅಲ್ಲಿಂದ ಹೊಳೆ-ಕೆರೆಗೆ ಹೋಗುತ್ತದೆ. ಕುಡಿಯುವ ನೀರಿನಿಂದ ಅದನ್ನು ತೆಗೆಯುವುದು ಕಷ್ಟ. ಹಕ್ಕಿ, ಕಾಡುಪ್ರಾಣಿಗಳಿಗೆ ಆಗುವ ಅಪಾಯ ನೋಡಿ ಬ್ರಿಟನ್‌ನಲ್ಲಿ 2022ರ ವಸಂತದಿಂದ ಇದರ ಹೊರಾಂಗಣ ಬಳಕೆಯನ್ನೇ ನಿಷೇಧಿಸಿದ್ದಾರೆ.

ಸತ್ತ, ಅರೆಸತ್ತ ಹುಳುಗಳನ್ನೂ ಆರಿಸಿ. ಅವುಗಳ ಹೊಟ್ಟೆಯಲ್ಲಿ ಮದ್ದು ಇರುತ್ತದೆ. ಅದಲ್ಲದೆ ಬಸವನಹುಳು, ಸ್ಲಗ್‌ಗಳು ನಾಯಿಯ ಶ್ವಾಸಕೋಶಕ್ಕೆ ಸೇರುವ ಜಂತುವಿನ ಮರಿಗಳನ್ನೂ ಹೊತ್ತಿರುತ್ತವೆ. ಹುಳು ತಿನ್ನುವ ಚಟವಿರುವ ನಾಯಿಯಾದರೆ ಜಂತಿನ ಔಷಧಿಯ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ.

## ಹಂತ 8: ವಿಷವಿಲ್ಲದೆ ಹುಳು ಹಿಡಿಯಿರಿ

ಇದು ಬೇಸರದ ಕೆಲಸ, ಆದರೆ ಕೆಲಸ ಮಾಡುತ್ತದೆ. ಮೊದಲು ನೀರು ಹಾಕುವ ಹೊತ್ತು ಬದಲಿಸಿ. ಸಂಜೆಯ ಬದಲು ಬೆಳಿಗ್ಗೆ ಹಾಕಿದರೆ ರಾತ್ರಿ ಹೊತ್ತಿಗೆ ಮೇಲ್ಮಣ್ಣು ಒಣಗಿರುತ್ತದೆ, ಹುಳುವಿಗೆ ಓಡಾಡಲು ಕಷ್ಟವಾಗುತ್ತದೆ. ಆಮೇಲೆ ಹಲಗೆ, ಒಡೆದ ಕುಂಡ, ಕೊಳೆತ ಎಲೆಯ ರಾಶಿ ಎತ್ತಿ. ಹಗಲಲ್ಲಿ ಅಡಗುವುದು ಅಲ್ಲೇ.

ಎಲ್ಲ ಎತ್ತಿದ ಮೇಲೆ ನೀವೇ ಒಂದು ಅಡಗುತಾಣ ಕೊಡಿ. ಸಂಜೆ ಒದ್ದೆ ಗೋಣಿಚೀಲವನ್ನು ಗಿಡಗಳ ನಡುವೆ ಹಾಸಿ, ಕೆಳಗೆ ಒಂದೆರಡು ಎಲೆಕೋಸಿನ ಎಲೆ ಇಡಿ. ಬೆಳಿಗ್ಗೆ ಬಿಸಿಲೇರುವ ಮೊದಲು ಎತ್ತಿದರೆ ಗುಂಪಾಗಿ ಸಿಗುತ್ತವೆ. ಗ್ಲೌಸ್ ಹಾಕಿ ಆರಿಸಿ ಸೋಪುನೀರಿನ ಬಕೆಟ್‌ಗೆ ಹಾಕಿ. ಮುಚ್ಚಳ ಇರಲಿ. ಮಣ್ಣಿನಲ್ಲಿ ಮುತ್ತಿನಂಥ ಮೊಟ್ಟೆಗಳ ಗೊಂಚಲು ಕಂಡರೆ ಅದನ್ನೂ ತೆಗೆಯಿರಿ. ದಿನಾ ಮಾಡಿದರೆ ಎರಡು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ವಾರಕ್ಕೊಮ್ಮೆ ಮಾಡಿದರೆ ಸುಮ್ನೆ ಬೆನ್ನುನೋವು.

ಮೊಟ್ಟೆಚಿಪ್ಪು, ತಾಮ್ರದ ಪಟ್ಟಿಯ ಮೇಲೆ ನನಗೆ ನಂಬಿಕೆ ಕಡಿಮೆ. ಹುಳು ಅದರ ಮೇಲೇ ಹತ್ತಿಹೋಗುತ್ತದೆ.

ವಿಷ ಬಿಟ್ಟವರು ಹಿಡಿಯುವ ಕೆಲವು "ನೈಸರ್ಗಿಕ" ಉಪಾಯಗಳೂ ನಾಯಿಗೆ ವಿಷವೇ. ಕಾಫಿ ಚರಟದಲ್ಲಿ ಕೆಫೀನ್ ಉಳಿದಿರುತ್ತದೆ. ಹೊಗೆಸೊಪ್ಪಿನ ಕಷಾಯದಲ್ಲಿ ನಿಕೋಟಿನ್. ಕೋಕೋ ಸಿಪ್ಪೆಯ ಹೊದಿಕೆಯಲ್ಲಿ ಚಾಕೊಲೇಟ್‌ನಲ್ಲಿರುವ ವಿಷವೇ ಇದೆ. ಉಪ್ಪನ್ನು ರಾಶಿ ಸುರಿದರೆ ನಾಯಿಗೂ ಕೆಡುಕು, ಮಣ್ಣಿಗೂ ಕೆಡುಕು. ಬಿಯರ್ ಬಟ್ಟಲು ಹೂಳುವುದಾದರೆ ಹುಳು ನುಗ್ಗುವಷ್ಟೇ ತೂತಿರುವ ಗಟ್ಟಿ ಮುಚ್ಚಳ ಹಾಕಿ. ಕೆಲವು ನಾಯಿಗಳಿಗೆ ಅದು ಬಲು ಇಷ್ಟ.

## ಹಂತ 9: ಗುಳಿಗೆ ಹಾಕಲೇಬೇಕು ಎಂದಾದರೆ

ನಾಯಿ, ಬೆಕ್ಕು ಇರುವ ಮನೆಗೆ ಮೆಟಾಲ್ಡಿಹೈಡ್ ತರಬೇಡಿ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಕಹಿ ಬೆರೆಸಿದ್ದೇವೆ, ನಾಯಿ ಮುಟ್ಟಲ್ಲ ಎಂದು ಪ್ಯಾಕೆಟ್ ಹೇಳಬಹುದು. ತೌಡು, ಕಾಕಂಬಿಯಂಥ ರುಚಿಯ ಮೇಲೆ ಮದ್ದು ಲೇಪಿಸಿರುತ್ತಾರೆ, ನಾಯಿ ಅಗಿಯುವ ಮೊದಲೇ ನುಂಗಿರುತ್ತದೆ. ಕಹಿ ಗೊತ್ತಾಗುವುದು ಯಾವಾಗ?

ಫೆರಿಕ್ ಫಾಸ್ಫೇಟ್ ಬಳಸುವುದಾದರೆ ಗುಡ್ಡೆ ಹಾಕಬೇಡಿ, ಲೇಬಲ್‌ನಲ್ಲಿ ಹೇಳಿದ ಪ್ರಮಾಣದಲ್ಲಿ ದೂರ ದೂರ ಚೆಲ್ಲಿ. ಗುಡ್ಡೆ ಕಂಡರೆ ನಾಯಿ ಊಟ ಬಡಿಸಿದ್ದಾರೆ ಅಂದುಕೊಳ್ಳುತ್ತದೆ. ಅದೇ ಪಾತಿಗೆ ಮೂಳೆಪುಡಿ, ಮೀನುಗೊಬ್ಬರ ಹಾಕಬೇಡಿ. ಅದರ ವಾಸನೆಗೆ ನಾಯಿ ಕೆರೆಯಲು ಬರುತ್ತದೆ, ಗುಳಿಗೆಯೂ ಜೊತೆಗೆ ಬಾಯಿಗೆ ಹೋಗುತ್ತದೆ. ಗುಳಿಗೆ ಕಣ್ಣಿಗೆ ಕಾಣುವಷ್ಟು ದಿನ ಆ ಪಾತಿಗೆ ತಾತ್ಕಾಲಿಕ ಬೇಲಿ ಇರಲಿ.

ಪ್ಯಾಕೆಟ್ ಇಡುವ ಜಾಗಕ್ಕೆ ಎಲ್ಲಕ್ಕಿಂತ ಹೆಚ್ಚು ಗಮನ ಕೊಡಿ. ಚೆಲ್ಲಿದ್ದನ್ನು ತಿಂದ ನಾಯಿಗಿಂತ ಚೀಲ ಹರಿದು ತಿಂದ ನಾಯಿಯ ಹೊಟ್ಟೆಗೆ ಎಷ್ಟೋ ಪಟ್ಟು ಹೆಚ್ಚು ಹೋಗಿರುತ್ತದೆ. ಎತ್ತರದ, ಬಾಗಿಲಿರುವ ಕಪಾಟಿನಲ್ಲಿ, ಬಿಗಿ ಮುಚ್ಚಳದ ಡಬ್ಬಿಯೊಳಗೆ, ಮೂಲ ಪ್ಯಾಕೆಟ್ ಸಮೇತ ಇಡಿ. ಖಾಲಿ ಬಿಸ್ಕತ್ ಡಬ್ಬಿಗೆ ಸುರಿದು ಪ್ಯಾಕೆಟ್ ಎಸೆದರೆ ನಾಳೆ ಫೋನ್‌ನಲ್ಲಿ ಓದಿ ಹೇಳಲು ಹೆಸರೇ ಇರುವುದಿಲ್ಲ. ಶೆಡ್‌ನಲ್ಲಿ ಹಳೆಯ ಮೆಟಾಲ್ಡಿಹೈಡ್ ಉಳಿದಿದ್ದರೆ ಕಸದ ಬುಟ್ಟಿಗೂ ಹಾಕಬೇಡಿ, ಮಣ್ಣಿನಲ್ಲೂ ಹೂಳಬೇಡಿ. ಎರಡನ್ನೂ ನಾಯಿ ಕೆದಕುತ್ತದೆ. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡುವವರೆಗೆ ಮುಚ್ಚಳಕ್ಕೆ ಟೇಪ್ ಸುತ್ತಿ ಅದೇ ಕಪಾಟಿನಲ್ಲಿ ಬೀಗ ಹಾಕಿಡಿ.